ಕಾಟಾದ ಟನ್ ಬೇರೆ, ಮಿಲ್ಲಿನ ಟನ್ ಬೇರೆ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನವು: ಯಂತ್ರ ಹೇಳುವ ಲೆಕ್ಕವನ್ನು ಆಫೀಸಿನ ಕಂಪ್ಯೂಟರಿಗೆ ಮುಟ್ಟಿಸುವುದು ಹೇಗೆ, ಮುಟ್ಟಿಸಿದ ಮೇಲೂ ಅದು ಯಾಕೆ ತಾಳೆಯಾಗುವುದಿಲ್ಲ? ನಾನು ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ 27 ಹಂಗಾಮು ಕಳೆದವನು. ಉತ್ತರಗಳಲ್ಲಿ ಕಬ್ಬಿನ ವಾಸನೆ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಕಳೆದ ವರ್ಷ ಇಆರ್‌ಪಿ, ಅಂದರೆ ಇಡೀ ಕಾರ್ಖಾನೆಯ ಲೆಕ್ಕ ಒಂದೇ ಕಡೆ ಇಡುವ ಸಾಫ್ಟ್‌ವೇರ್ ಬಂತು; ಕಾಟಾ (ಕಬ್ಬಿನ ಗಾಡಿ ತೂಗುವ ಜಾಗ), ಮಿಲ್, ಗೋದಾಮು ಎಲ್ಲ ಅದಕ್ಕೆ ಜೋಡಿಸಿದ್ದಾರೆ. ಆದರೆ ಅದು ತೋರಿಸುವ ರಿಕವರಿಗೂ (ನೂರು ಟನ್ ಕಬ್ಬಿಗೆ ಎಷ್ಟು ಟನ್ ಸಕ್ಕರೆ ಎಂಬ ಲೆಕ್ಕ) ಲ್ಯಾಬ್ ಕೊಡುವ ರಿಕವರಿಗೂ ಒಂದು ದಿನವೂ ಹೊಂದಿಕೆಯಿಲ್ಲ. ಸಾಫ್ಟ್‌ವೇರ್‌ನವರು ಸೆನ್ಸರ್ ತಪ್ಪು ಅನ್ನುತ್ತಾರೆ, ಇನ್‌ಸ್ಟ್ರುಮೆಂಟ್‌ನವರು ಸಾಫ್ಟ್‌ವೇರ್ ತಪ್ಪು ಅನ್ನುತ್ತಾರೆ. ಯಾರ ಮಾತು ನಂಬಲಿ?
– ಹೆಸರು ಬೇಡ, ಮುಧೋಳ

ಉತ್ತರ: ಸೆನ್ಸರೂ ಸರಿ, ಸಾಫ್ಟ್‌ವೇರೂ ಸರಿ ಇರುವ ಸಾಧ್ಯತೆಯೇ ಹೆಚ್ಚು. ನಮ್ಮಲ್ಲೂ ಹಾಗೇ ಆಗಿತ್ತು. ಇಆರ್‌ಪಿ ಬಂದ ಮೊದಲ ವರ್ಷ, ಸಂಕ್ರಾಂತಿಯ ಮರುದಿನ ಆಡಳಿತ ಕಚೇರಿಯಿಂದ ಫೋನು: 'ಏನ್ರೀ, ರಿಕವರಿ ಹನ್ನೆರಡರ ಮ್ಯಾಲ ಹೋಗೇತಲ್ಲ! ಏನ್ ಮಾಡಿದ್ರಿ?' ನಾವು ಏನೂ ಮಾಡಿರಲಿಲ್ಲ. ಕಟಾವಿನ ಗ್ಯಾಂಗಿನವರು ಹಬ್ಬ ಮಾಡಿದ್ದರು, ಅಷ್ಟೇ. ಆ ದಿನ ಕಾಟಾ ಮೇಲೆ ಬಂದ ಕಬ್ಬು 4,200 ಟನ್. ಆದರೆ ಯಾರ್ಡಿನಲ್ಲಿ ಹಿಂದಿನ ದಿನದ ಗಾಡಿಗಳು ನಿಂತಿದ್ದವಲ್ಲ, ಅವನ್ನೂ ಸೇರಿಸಿ ಮಿಲ್ಲು ಎಂದಿನಂತೆ 5,000 ಟನ್ ನುರಿಸಿತು. ಮೂಟೆಯಾದ ಸಕ್ಕರೆ 520 ಟನ್. ಐದು ಸಾವಿರಕ್ಕೆ ಭಾಗಿಸಿದರೆ 10.4. ಇಆರ್‌ಪಿ ಭಾಗಿಸಿದ್ದು ಕಾಟಾದ ಟನ್ನಿಗೆ, ಬಂದದ್ದು 12.38. ಎರಡು ದಿನ ಬಿಟ್ಟು ಗಾಡಿಗಳು ಮುಗಿಬಿದ್ದವು, ಕಾಟಾ 5,600 ತೋರಿಸಿತು, ಮಿಲ್ಲು ಎಂದಿನ 5,000 ಟನ್ನನ್ನೇ ಅರೆಯಿತು, ರಿಕವರಿ 9.29ಕ್ಕೆ ಬಿತ್ತು. ಮತ್ತೆ ಫೋನು. ಈ ಸಲ ದನಿ ಬೇರೆ ಇತ್ತು.

ಇಷ್ಟೇ ಆಗಿದ್ದರೆ ಒಂದು ವಾರದಲ್ಲಿ ಸರಿಮಾಡಬಹುದಿತ್ತು. ಕಾಟಾದ ಕಂಪ್ಯೂಟರಿಗೆ ದಿನ ಮುಗಿಯುವುದು ರಾತ್ರಿ 12ಕ್ಕೆ. ನಮ್ಮ ಲ್ಯಾಬಿಗೆ ದಿನ ಮುಗಿಯುವುದು ಬೆಳಿಗ್ಗೆ 6ಕ್ಕೆ, ಸಿ ಪಾಳಿ ಇಳಿದಾಗ. ಆರು ತಾಸಿನ ಕಬ್ಬು ಯಾವ ತಾರೀಖಿನದ್ದು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಇನ್ನು ಇಂದು ಮೂಟೆಗೆ ಬಿದ್ದ ಸಕ್ಕರೆ ಇಂದಿನ ಕಬ್ಬಿನದ್ದೇ ಅಲ್ಲ. ರಸ ಕುದಿಸುವ ಪ್ಯಾನಿನಲ್ಲಿ, ಹರಳು ಬೆಳೆಸುವ ಕ್ರಿಸ್ಟಲೈಸರಿನಲ್ಲಿ ನಿನ್ನೆ ಮೊನ್ನೆಯ ಮಾಲು ಇರುತ್ತದೆ. ಲ್ಯಾಬಿನವರು ಆ 'ಪ್ರೊಸೆಸ್ ಸ್ಟಾಕ್' ಅಳೆದು, ಬ್ರಿಕ್ಸ್ (ಕರಗಿದ ಘನಾಂಶ), ಪೋಲ್ (ಅದರಲ್ಲಿನ ಸಕ್ಕರೆ) ನೋಡಿ ರಿಕವರಿ ಕಟ್ಟುತ್ತಾರೆ. ಇಆರ್‌ಪಿಗೆ ಅದು ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಳಗೆ ಬಂದ ಟನ್, ಹೊರಗೆ ಹೋದ ಮೂಟೆ.

ಈಗ ತಪ್ಪು ಎಲ್ಲಿ ಅಂತ ಹೇಳುತ್ತೇನೆ. ಐಎಸ್‌ಎ-95 ಎಂಬ ಮಾನದಂಡವೊಂದಿದೆ. ಮೊದಲ ಭಾಗ 2000ದಲ್ಲಿ ಬಂತು, ಅಂತರರಾಷ್ಟ್ರೀಯವಾಗಿ ಐಇಸಿ 62264 ಎನ್ನುತ್ತಾರೆ. ಅದು ಕಾರ್ಖಾನೆಯನ್ನು ಅಂತಸ್ತುಗಳಾಗಿ ನೋಡುತ್ತದೆ. ಸೊನ್ನೆಯಲ್ಲಿ ರಸ, ಹಬೆ, ರೋಲರು. ಒಂದರಲ್ಲಿ ಅವನ್ನು ಅಳೆಯುವ ಟ್ರಾನ್ಸ್‌ಮೀಟರು, ತಿರುಗಿಸುವ ವಾಲ್ವು. ಎರಡರಲ್ಲಿ ಕಂಟ್ರೋಲ್ ರೂಮು. ನಾಲ್ಕರಲ್ಲಿ ಆಫೀಸು, ಲೆಕ್ಕ, ರೈತರ ಬಿಲ್ಲು. ನಡುವಿನ ಮೂರನೆಯ ಅಂತಸ್ತಿನ ಕೆಲಸ ಪಾಳಿಯ ಉತ್ಪಾದನೆ ನಡೆಸುವುದು, ಅದನ್ನು ಅರ್ಥವಾಗುವ ಲೆಕ್ಕಕ್ಕೆ ತರುವುದು. ನಮ್ಮ ಕಾರ್ಖಾನೆಗಳಲ್ಲಿ ಆ ಅಂತಸ್ತಿನಲ್ಲಿ ಕಂಪ್ಯೂಟರ್ ಇರುವುದಿಲ್ಲ. ಒಂದು ಉದ್ದನೆಯ ರಿಜಿಸ್ಟರು, ಒಂದು ಫೋನು, ಒಬ್ಬ ಶಿಫ್ಟ್ ಕೆಮಿಸ್ಟ್ ಇರುತ್ತಾರೆ. ಯಾರ್ಡಿನಲ್ಲಿ ಎಷ್ಟು ಗಾಡಿ ಉಳಿದಿವೆ, ಯಾವ ಪ್ಯಾನು ಅರ್ಧ ಬೆಂದಿದೆ ಎಂಬುದು ಅವರ ತಲೆಯಲ್ಲಿರುತ್ತದೆ. ಇಆರ್‌ಪಿ ಹಾಕಲು ಬಂದವರು ಎರಡರಿಂದ ನಾಲ್ಕಕ್ಕೆ ನೇರ ಏಣಿ ಇಟ್ಟು, ನಡುವೆ ಕೂತಿದ್ದ ಮನುಷ್ಯನನ್ನು ದಾಟಿಕೊಂಡು ಹೋಗುತ್ತಾರೆ.

ನಿಮಗೆ ನನ್ನ ಸಲಹೆ: ಹೊಸ ಸಾಫ್ಟ್‌ವೇರ್ ಕೇಳಬೇಡಿ. ಕಬ್ಬು ವಿಭಾಗದವರನ್ನು, ಚೀಫ್ ಕೆಮಿಸ್ಟರನ್ನು, ನಿಮ್ಮ ಸಾಹೇಬರನ್ನು ಒಂದು ಮೇಜಿಗೆ ಕೂರಿಸಿ, ಪ್ರತಿ ಅಂಕಿಯ ಎದುರು ಬರೆಸಿ: ಇದನ್ನು ಎಲ್ಲಿ ಅಳೆಯುತ್ತೇವೆ, ಯಾವ ಗಡಿಯಾರದ ಪ್ರಕಾರ, ದಿನ ಎಷ್ಟಕ್ಕೆ ಮುಗಿಯುತ್ತದೆ, ಆಮೇಲೆ ತಿದ್ದುವ ಅಧಿಕಾರ ಯಾರಿಗೆ. 'ಬಂದ ಕಬ್ಬು' ಮತ್ತು 'ನುರಿಸಿದ ಕಬ್ಬು' ಎರಡು ಬೇರೆ ಹೆಸರಿನ ಕಾಲಂ ಆಗಲಿ. ರಿಕವರಿಯನ್ನು ಇಆರ್‌ಪಿ ಲೆಕ್ಕ ಹಾಕುವುದೇ ಬೇಡ, ಲ್ಯಾಬಿನಿಂದ ತೆಗೆದುಕೊಳ್ಳಲಿ. ನಮ್ಮಲ್ಲಿ ಆ ಕಾಗದ ಸಹಿಯಾಗಲು ಮೂರು ತಿಂಗಳು ಹಿಡಿಯಿತು. ಪ್ರೋಗ್ರಾಮ್ ತಿದ್ದಲು ನಾಲ್ಕು ದಿನ.

ಮೀಟರು ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ಹಳೆಯ ಸಮೀಕರಣವೇ ಸಾಕು. ಕಬ್ಬು ಮತ್ತು ಮಿಲ್ಲಿಗೆ ಹಾಕಿದ ನೀರು ಕೂಡಿದರೆ, ಮಿಶ್ರ ರಸ ಮತ್ತು ಬಗಾಸ್ (ರಸ ಹಿಂಡಿದ ಸಿಪ್ಪೆ) ಕೂಡಿದಷ್ಟೇ ಆಗಬೇಕು. ಬಗಾಸನ್ನು ಸಾಮಾನ್ಯವಾಗಿ ತೂಗುವುದಿಲ್ಲ, ಕಳೆದು ತೆಗೆಯುತ್ತೇವೆ. ಕಬ್ಬಿನ ಶೇ 28-30ರ ಆಸುಪಾಸು ಬರಬೇಕಾದದ್ದು ಶೇ 22 ಬಂದರೆ, ಆಗ ಸೆನ್ಸರಿನವರನ್ನು ಕರೆಯಿರಿ.

ಇಷ್ಟು ಜಗ್ಗಾಟ ಯಾಕೆ ಎಂದರೆ, 2025-26ರ ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ದರ) ಶೇ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ, ಅದರ ಮೇಲಿನ ಪ್ರತಿ 0.1ಕ್ಕೆ 3.46 ರೂಪಾಯಿ. ಐದು ಸಾವಿರ ಟನ್ನಿಗೆ ಆ 0.1 ಅಂದರೆ 1.73 ಲಕ್ಷ ರೂಪಾಯಿ. ದರ ನಿಲ್ಲುವುದು ಒಂದು ದಿನದ ಅಂಕಿಯ ಮೇಲಲ್ಲ, ಹಂಗಾಮಿನ ಸರಾಸರಿಯ ಮೇಲೆ, ನಿಜ. ಆದರೆ ಪರದೆಯ ಮೇಲಿನ 12.38ನ್ನು ಯಾರಾದರೂ ಫೋಟೊ ಹೊಡೆದು ರೈತರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮರುದಿನ ಗೇಟಿನ ಮುಂದೆ ಸರಾಸರಿಯ ಪಾಠ ಹೇಳಲು ನೀವೇ ಹೋಗಬೇಕಾಗುತ್ತದೆ.

ಪ್ರಶ್ನೆ: ಟ್ರೈನಿಯಾಗಿ ಸೇರಿ ಎರಡು ತಿಂಗಳಾಯಿತು. ಫ್ಲೋ ಮೀಟರಿನ ಮುಖದ ಮೇಲೆ 42.5 ಇದೆ, ನಾನು ಮಾಡ್‌ಬಸ್‌ನಲ್ಲಿ (ಮೀಟರಿನ ಅಂಕಿ ಕಂಪ್ಯೂಟರಿಗೆ ತರುವ ಭಾಷೆ) ಓದಿದರೆ 16938 ಬರುತ್ತದೆ. ಮೀಟರ್ ಕೆಟ್ಟಿದೆಯೇ?
– ಒಬ್ಬ ಡಿಪ್ಲೊಮಾ ಹುಡುಗ, ಬಳ್ಳಾರಿ

ಉತ್ತರ: ಮೀಟರ್ ಚೆನ್ನಾಗಿದೆ, ನೀನು ಅರ್ಧ ಮಾತು ಕೇಳಿಸಿಕೊಂಡಿದ್ದೀಯ. ಮಾಡ್‌ಬಸ್ 1979ರದ್ದು, ಮಾಡಿಕಾನ್ ಕಂಪನಿ ಮಾಡಿದ್ದು. ಅದರ ಒಂದು ರಿಜಿಸ್ಟರಿನಲ್ಲಿ, ಅಂದರೆ ಅಂಕಿ ಇಡುವ ಖಾನೆಯಲ್ಲಿ, ಹಿಡಿಸುವುದು 16 ಬಿಟ್. ದಶಮಾಂಶದ ಸಂಖ್ಯೆಗೆ 32 ಬಿಟ್ ಬೇಕು, ಹಾಗಾಗಿ ಅದು ಅಕ್ಕಪಕ್ಕದ ಎರಡು ರಿಜಿಸ್ಟರಿನಲ್ಲಿ ಕೂರುತ್ತದೆ. 42.5ರ ಮೊದಲ ಅರ್ಧ ಸರಿಯಾಗಿ 16938, ಎರಡನೆಯ ಅರ್ಧ ಸೊನ್ನೆ. ಪಕ್ಕದ ರಿಜಿಸ್ಟರ್ ಓದಿ ನೋಡು, ಸೊನ್ನೆ ಸಿಗುತ್ತದೆ. ಎರಡನ್ನೂ ಸೇರಿಸಿ 'ಫ್ಲೋಟ್' ಎಂದು ಓದಿಸು. ಹಾಗೆ ಓದಿದಾಗ ಸೊನ್ನೆಗೆ ಅಂಟಿಕೊಂಡ ಯಾವುದೋ ಅತಿ ಸಣ್ಣ ಸಂಖ್ಯೆ ಬಂದರೆ ಹಿಂದುಮುಂದಾಗಿದೆ ಎಂದರ್ಥ, ಎರಡು ಅರ್ಧಗಳನ್ನು ಅದಲುಬದಲು ಮಾಡು. ಯಾವುದು ಮೊದಲು ಎಂಬುದರಲ್ಲಿ ಮೀಟರ್ ಕಂಪನಿಗಳಿಗೆ ಒಮ್ಮತವಿಲ್ಲ. ಮೀಟರಿನ ಪುಸ್ತಕದಲ್ಲಿ ರಿಜಿಸ್ಟರಿನ ವಿಳಾಸ 40001 ಎಂದಿದ್ದರೆ ಕೆಲವು ಪ್ರೋಗ್ರಾಮುಗಳಲ್ಲಿ ಸೊನ್ನೆ ಎಂದು ಕೊಡಬೇಕು. ಒಂದು ತಪ್ಪಿದರೆ ಪಕ್ಕದ ಮನೆ ಬಾಗಿಲು ತಟ್ಟಿದ ಹಾಗೆ. ನಾನು ಇದೇ ವಿಷಯಕ್ಕೆ 1998ರಲ್ಲಿ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ನೀನು ಕೇಳಿದ್ದೇ ಜಾಣತನ.

ಪ್ರಶ್ನೆ: ಯಂತ್ರ ನಿಂತರೆ ಪರದೆಯ ಮೇಲೆ ಕಾರಣ ಒತ್ತಬೇಕೆಂದು ಹೊಸ ನಿಯಮ ಮಾಡಿದ್ದಾರೆ. ಇದು ನಮ್ಮ ಮೇಲೆ ಕಣ್ಣಿಡುವ ಉಪಾಯ ಅಲ್ಲವೇ?
– ಆಪರೇಟರ್, ಹರಿಹರ

ಉತ್ತರ: ಆಗಲೂಬಹುದು. ಆ ವರದಿ ನಿಮಗೂ ಕಾಣುತ್ತದೆಯೇ ಎಂದು ಕೇಳಿ. ಕಾಣುವುದಿಲ್ಲ ಎಂದರೆ ನಿಮ್ಮ ಅನುಮಾನಕ್ಕೆ ಆಧಾರವಿದೆ.

ನಮ್ಮಲ್ಲಿ ಇಂಥ ಪರದೆ ಬಂದಾಗ ಆಡಳಿತ ಕಚೇರಿಯಲ್ಲಿ ಕೂತು ಯಾರೋ 42 ಕಾರಣಗಳ ಪಟ್ಟಿ ಮಾಡಿ ಕಳಿಸಿದ್ದರು. ಮೊದಲನೆಯದು 'ವಿದ್ಯುತ್ ಕಡಿತ'. ರಸ ಮೆತ್ತಿದ ಕೈಯಲ್ಲಿ, ಮಿಲ್ಲು ನಿಂತ ಗಾಬರಿಯಲ್ಲಿ, 42 ಸಾಲು ಓದುವವರು ಯಾರು? ಎಲ್ಲರೂ ಮೊದಲನೆಯದನ್ನೇ ಒತ್ತಿದರು. ಹಂಗಾಮಿನ ಕೊನೆಗೆ ಬಣ್ಣಬಣ್ಣದ ವರದಿ ಬಂತು: ನಷ್ಟಕ್ಕೆ ಮುಖ್ಯ ಕಾರಣ ವಿದ್ಯುತ್ ಕಡಿತ! ನಮ್ಮದು ಬಗಾಸ್ ಸುಟ್ಟು ತಾನೇ ಕರೆಂಟು ಮಾಡಿಕೊಂಡು, ಮಿಕ್ಕಿದ್ದನ್ನು ಗ್ರಿಡ್ಡಿಗೆ ಮಾರುವ ಕಾರ್ಖಾನೆ. ಮರುವರ್ಷ ಮಿಲ್ಲಿನ ಹುಡುಗರನ್ನೇ ಕೂರಿಸಿ ಪಟ್ಟಿಯನ್ನು ಆರಕ್ಕೆ ಇಳಿಸಿದೆವು: ಕಬ್ಬಿಲ್ಲ, ಕ್ಯಾರಿಯರ್ (ಕಬ್ಬನ್ನು ಮಿಲ್ಲಿಗೆ ಒಯ್ಯುವ ಪಟ್ಟಿ) ಜಾಮ್, ಮಿಲ್ ಚೋಕ್, ಹಬೆ ಕಮ್ಮಿ, ಬೇರಿಂಗ್ ಬಿಸಿ, ಬೇರೆ. ನಿಂತ ಹೊತ್ತು ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಯಿಂದ ತಾನೇ ಬರುತ್ತಿತ್ತು. ಮನುಷ್ಯ ಒತ್ತಬೇಕಾದ್ದು ಕಾರಣ ಮಾತ್ರ. ಕ್ಯಾರಿಯರ್ ಜಾಮ್ ಎಷ್ಟು ಸಲ ಆಗುತ್ತದೆ ಎಂದು ಗೊತ್ತಾದದ್ದೇ ಆಗ, ಎಂಟು ವರ್ಷದಿಂದ ಕೇಳುತ್ತಿದ್ದ ಹೊಸ ಚೈನು ಬಂದದ್ದೂ ಆಗಲೇ. ನಿಮ್ಮ ಪಟ್ಟಿಯಲ್ಲಿ ಎಷ್ಟು ಕಾರಣಗಳಿವೆ, ಎಣಿಸಿ ಬರೆಯಿರಿ.

ಪ್ರಶ್ನೆ: ನಮ್ಮ ಹಾಲು ಶೀತಲೀಕರಣ ಕೇಂದ್ರದ ತಾಪಮಾನ ಆನ್‌ಲೈನ್ ವರದಿಗೆ ಹೋಗುತ್ತದೆ. ನೆಟ್ ಹೋದಾಗ ಅಂಕಿಗಳೇ ಮಾಯ. ಜೊತೆಗೆ ಬೆಳಿಗ್ಗೆ 6ಕ್ಕೆ ತುಂಬಿದ ಹಾಲು ರಾತ್ರಿ 12.30ಕ್ಕೆ ಬಂತು ಎಂದು ತೋರಿಸುತ್ತದೆ.
– ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ಎರಡನೆಯದು ಸುಲಭ. ನಿಮ್ಮ ಪೆಟ್ಟಿಗೆ ಗ್ರೀನ್‌ವಿಚ್ ಸಮಯ ಕಳಿಸುತ್ತಿದೆ, ವರದಿಯವರು ಐದೂವರೆ ತಾಸು ಕೂಡಿಸುವುದನ್ನು ಮರೆತಿದ್ದಾರೆ. ಈಗಲೇ ಹೇಳಿ, ಬೆಳಿಗ್ಗೆ ಐದೂವರೆಗೆ ಮುಂಚೆ ಬಂದ ಹಾಲು ಹಿಂದಿನ ತಾರೀಖಿಗೆ ಹೋಗಿ ಕೂತಿರುತ್ತದೆ. ಮೊದಲನೆಯದಕ್ಕೆ, ನೆಟ್ ಇಲ್ಲದಾಗ ಅಂಕಿಗಳನ್ನು ಅಲ್ಲೇ ಕೂಡಿಟ್ಟು, ಬಂದಾಗ ಅಳೆದ ಹೊತ್ತಿನ ಸಮೇತ ಕಳಿಸುವ ಪೆಟ್ಟಿಗೆ ಬೇಕು. ಬೇಡಿಕೆ ಪತ್ರದಲ್ಲಿ ಅದನ್ನು ಬರೆಯದಿದ್ದರೆ ಕೊಡುವುದಿಲ್ಲ. ಅಂಕಿ ಕಳಿಸಲು ಈಗ ಎಲ್ಲರೂ ಬಳಸುವ ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿ ಹುಟ್ಟಿದ್ದೇ ಇಂಥ ಕಡೆಗಾಗಿ: 1999ರಲ್ಲಿ, ಉಪಗ್ರಹದ ದುಬಾರಿ ಸಂಪರ್ಕದಲ್ಲಿ ತೈಲ ಪೈಪ್‌ಲೈನಿನ ಮೇಲೆ ನಿಗಾ ಇಡಲು. ಹಾಸನದ ನೆಟ್ಟಿಗೂ ಒಗ್ಗುತ್ತದೆ.

ಪ್ರಶ್ನೆ: ಪೀಣ್ಯದಲ್ಲಿ ಎಂಟು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರ) ಇಟ್ಟಿದ್ದೇನೆ, ಲೆಕ್ಕವೆಲ್ಲ ಟ್ಯಾಲಿಯಲ್ಲಿ. 'ಸ್ಮಾರ್ಟ್ ಫ್ಯಾಕ್ಟರಿ' ಮಾಡಿಕೊಡುತ್ತೇವೆ ಎಂದು ದಿನಾ ಫೋನು ಬರುತ್ತದೆ.

ಉತ್ತರ: ಒಂದೇ ಯಂತ್ರದಿಂದ ಸೈಕಲ್ ಮುಗಿದ ಸಿಗ್ನಲ್ ತೆಗೆದು ಒಂದು ತಿಂಗಳು ಎಣಿಸಿ, ಸೂಪರ್‌ವೈಸರ್ ಪುಸ್ತಕದ ಜೊತೆ ಹೋಲಿಸಿ. ವ್ಯತ್ಯಾಸ ಬಂದೇ ಬರುತ್ತದೆ: ಸೆಟ್ಟಿಂಗ್ ಪೀಸು, ರಿಜೆಕ್ಟು, ಚಹಾ ಹೊತ್ತಿನ ಖಾಲಿ ಓಟ. ಅದು ಬಗೆಹರಿದ ಮೇಲೆ ಟ್ಯಾಲಿ. ಟ್ಯಾಲಿ ನಮ್ಮ ಬೆಂಗಳೂರಿನದ್ದೇ, ಎಕ್ಸ್‌ಎಂಎಲ್ ಮೂಲಕ ಹೊರಗಿನ ದಾಖಲೆ ತೆಗೆದುಕೊಳ್ಳುತ್ತದೆ. ಆದರೆ ಯಂತ್ರದ ಎಣಿಕೆ ನೇರ ವೋಚರ್ ಆಗಬಾರದು. ಪಾಳಿಗೊಮ್ಮೆ ಒಬ್ಬರು ನೋಡಿ ಒಪ್ಪಲಿ.

ಪ್ರಶ್ನೆ: ಐಟಿ ಮ್ಯಾನೇಜರ್ ಸ್ಕಾಡಾವನ್ನು (ಪ್ಲಾಂಟ್ ನೋಡಿಕೊಂಡು ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಆಫೀಸ್ ನೆಟ್‌ವರ್ಕಿಗೆ ನೇರ ಸೇರಿಸೋಣ ಎನ್ನುತ್ತಾರೆ. ನಾನು ಬೇಡ ಅಂದರೆ ಹಳೇ ಕಾಲದವನು ಎಂದು ನಗುತ್ತಾರೆ. ಪ್ಯಾನೆಲ್ಲಿನ ಫೋಟೊಗಳನ್ನು ಲಗತ್ತಿಸಿದ್ದೇನೆ.
– ಪ್ಲಾಂಟ್ ಎಂಜಿನಿಯರ್, ತುಮಕೂರು

ಉತ್ತರ: ಅವರಿಗೆ ಅಮೆರಿಕದಲ್ಲಿ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಕಥೆ ಹೇಳಿ. 2021ರ ಮೇ ತಿಂಗಳಲ್ಲಿ, ಯಾರೂ ಬಳಸದೆ ಬಿಟ್ಟಿದ್ದ ಹಳೆಯ ವಿಪಿಎನ್ (ಹೊರಗಿನಿಂದ ಕಂಪನಿಯ ಜಾಲಕ್ಕೆ ಸೇರುವ ದಾರಿ) ಖಾತೆಯ ಪಾಸ್‌ವರ್ಡ್ ಹಿಡಿದು ಕಳ್ಳರು ನುಗ್ಗಿದರು. ಅವರು ಬೀಗ ಹಾಕಿದ್ದು ಆಫೀಸಿನ ಕಂಪ್ಯೂಟರುಗಳಿಗೆ. ಆದರೂ ಸೋಂಕು ಒಳಗೆ ಹಬ್ಬೀತೆಂಬ ಭಯಕ್ಕೆ 8,850 ಕಿಲೋಮೀಟರಿನ ಪೈಪ್‌ಲೈನನ್ನೇ ಕಂಪನಿ ನಿಲ್ಲಿಸಬೇಕಾಯಿತು. ಸುಮಾರು 44 ಲಕ್ಷ ಡಾಲರ್ ಸುಲಿಗೆ ಹಣವನ್ನೂ ತೆತ್ತಿತು. ಎರಡು ಜಾಲದ ನಡುವಿನ ಗೋಡೆ ಮೇಲೆ ಪೂರ್ತಿ ನಂಬಿಕೆ ಇದ್ದಿದ್ದರೆ ಪೈಪ್‌ಲೈನ್ ನಿಲ್ಲಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಹಾಗೆಂದು ಅಂಕಿ ಕೊಡುವುದಿಲ್ಲ ಎಂದು ಹಟ ಹಿಡಿಯಬೇಡಿ. ನಡುವೆ ಒಂದು ಕೋಣೆ ಕಟ್ಟಿಸಿ: ಎರಡು ಫೈರ್‌ವಾಲ್, ನಡುವೆ ಒಂದು ಹಿಸ್ಟೋರಿಯನ್, ಅಂದರೆ ಹಳೆಯ ಅಂಕಿಗಳನ್ನು ಹೊತ್ತಿನ ಸಮೇತ ಕೂಡಿಡುವ ಸರ್ವರ್. ಪ್ಲಾಂಟ್ ಅದಕ್ಕೆ ಅಂಕಿ ತಳ್ಳುತ್ತದೆ, ಆಫೀಸು ಅದರಿಂದ ಓದುತ್ತದೆ. ಆಫೀಸಿನ ಯಾವ ಕಂಪ್ಯೂಟರೂ ಪಿಎಲ್‌ಸಿ ಜೊತೆ ಮಾತಾಡುವಂತಿಲ್ಲ. ಇದನ್ನು ಅವರ ಭಾಷೆಯಲ್ಲಿ ಡಿಎಂಜೆಡ್ ಅನ್ನಿ, ಒಪ್ಪುತ್ತಾರೆ.

ಇನ್ನೊಂದು ಮಾತು. ನೀವು ಕಳಿಸಿದ ಮೂರನೆಯ ಫೋಟೊದಲ್ಲಿ ಮಾನಿಟರಿನ ಬಲ ಮೂಲೆಗೆ ಹಳದಿ ಚೀಟಿ ಅಂಟಿಸಿದ್ದೀರಿ. ಅದರ ಮೇಲಿರುವ ಪಾಸ್‌ವರ್ಡ್ ನನಗೂ, ಈ ಪತ್ರಿಕೆಯ ಕಚೇರಿಗೂ ಈಗ ಗೊತ್ತಾಗಿದೆ. ಐಟಿ ಮ್ಯಾನೇಜರ್ ಜೊತೆ ಜಗಳಕ್ಕೆ ಹೋಗುವ ಮುಂಚೆ ಅದನ್ನು ಬದಲಿಸಿ ಹೋಗಿ.