ಚುಕ್ಕೆ ಮಾಯವಾದರೆ ರೋಗ ಹೋಯಿತೇ?

ಪ್ರಿಯ ಲೇಖಕರೇ,

ಉಪ್ಪುನೀರಿನ ಅಕ್ವೇರಿಯಂ ಮೀನುಗಳ ಬಿಳಿ ಚುಕ್ಕೆ ಬೆಳ್ಳುಳ್ಳಿಯಿಂದ ವಾಸಿಯಾಯಿತು ಎಂಬ ನಿಮ್ಮ ಲೇಖನ ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಬರವಣಿಗೆ ಚೆನ್ನಾಗಿಯೇ ಇದೆ. ಆದರೆ ಇದನ್ನು ನಂಬಿದವರ ಮೀನು ಸಾಯಬಹುದು, ಅದಕ್ಕೇ ಬೇಡ ಅನ್ನುತ್ತಿದ್ದೇನೆ.

ಬೆಳ್ಳುಳ್ಳಿ ರಸ ಸೇರಿಸಿದ ಆಹಾರ ಕೊಟ್ಟ ಐದನೇ ದಿನ ನಿಮ್ಮ ಬ್ಲೂ ಟ್ಯಾಂಗ್ ಮೀನಿನ ಮೈ ಸ್ವಚ್ಛವಾಯಿತು ಎಂದಿದ್ದೀರಿ. ಆಗಿರುತ್ತದೆ. ಏನೂ ಕೊಡದಿದ್ದರೂ ಆಗುತ್ತಿತ್ತು. ಮರೈನ್ ಇಕ್ ಎಂಬ ಈ ಬಿಳಿ ಚುಕ್ಕೆ ರೋಗ ತರುವ ಪರೋಪಜೀವಿ ಕ್ರಿಪ್ಟೋಕ್ಯಾರಿಯಾನ್ ಮೀನಿನ ಚರ್ಮದಡಿ ಸಾಮಾನ್ಯವಾಗಿ 3ರಿಂದ 7 ದಿನ ಮೇಯುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಮೀನನ್ನು ಬಿಟ್ಟು, ಮರಳಿಗೋ ಕಲ್ಲಿಗೋ ಅಂಟಿಕೊಂಡು ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ನೂರಾರಾಗಿ ಒಡೆಯುತ್ತದೆ. ಕೆಲವು ದಿನ, ಕೆಲವೊಮ್ಮೆ ವಾರಗಳೇ ಕಳೆದ ಮೇಲೆ ಮರಿಗಳು ಹೊರಬಂದು ಮತ್ತೆ ಮೀನು ಹುಡುಕುತ್ತವೆ. ನೀವು ಗೆಲುವು ಅಂದುಕೊಂಡದ್ದು ಈ ನಡುವಿನ ಬಿಡುವನ್ನು. ಮುಂದಿನ ವಾರಗಳಲ್ಲಿ ಏನಾಯಿತು? ಲೇಖನ ಅಷ್ಟರಲ್ಲೇ ಮುಗಿದುಬಿಟ್ಟಿದೆ. ನನಗೆ ಬೇಕಿದ್ದದ್ದು ಆ ಭಾಗ.

ಇನ್ನೊಂದು ತೊಂದರೆ, ಮೈಮೇಲೆ ಬೆಳ್ಳಗೆ ಕಂಡದ್ದೆಲ್ಲ ನಿಮಗೆ ಇಕ್. ಎಣಿಸಲು ಬರುವಂಥ ಉಪ್ಪಿನ ಹರಳಿನಂಥ ಚುಕ್ಕೆ ಇದ್ದರೆ ಬಹುಶಃ ಇಕ್. ಸಣ್ಣ ಪುಡಿ ಉದುರಿಸಿದ ಹಾಗೆ ಮಂಕು ಲೇಪ, ಏದುಸಿರು, ಪಂಪಿನ ನೀರಿನ ರಭಸಕ್ಕೆ ಮುಖ ಕೊಟ್ಟು ನಿಲ್ಲುವುದು ಕಂಡರೆ ವೆಲ್ವೆಟ್ ಎಂಬ ಬೇರೆ ರೋಗ ಇರಬಹುದು. ಅದು ಹೆಚ್ಚಾಗಿ ಮೊದಲು ಕಿವಿರಿಗೆ ಬೀಳುತ್ತದೆ, ಮೈಮೇಲೆ ಕಾಣುವ ಹೊತ್ತಿಗೆ ಕೈಮೀರಿರುತ್ತದೆ. ಹೊಸದಾಗಿ ತಂದ ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರ ಪದರವಾಗಿ ಕಿತ್ತು ಬರುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಮತ್ತೊಂದು ಪರೋಪಜೀವಿ ಇರಬಹುದೆಂದು ಅನುಮಾನಿಸಬೇಕು. ಇಕ್, ವೆಲ್ವೆಟ್ ಎರಡಕ್ಕೂ ತಾಮ್ರದ ಔಷಧಿ ಕೆಲಸ ಮಾಡುತ್ತದೆ. ಬ್ರೂಕ್ಲಿನೆಲ್ಲಾಕ್ಕೆ ಅದನ್ನು ನಂಬುವಂತಿಲ್ಲ, ಫಾರ್ಮಲಿನ್ ಸ್ನಾನ ಬೇಕು. ಮೀನಿಗೆ ಅಂಟುವ ಚಪ್ಪಟೆ ಹುಳಗಳಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧಿ. ರೋಗ ಗುರುತಿಸದೆ ಔಷಧಿ ಹೇಳುವುದು ಹೇಗೆ?

ಕೊನೆಯ ಪ್ಯಾರಾದಲ್ಲಿ 'ಬೆಳ್ಳುಳ್ಳಿ ಸಾಲದಿದ್ದರೆ ತೊಟ್ಟಿಗೆ ಸ್ವಲ್ಪ ತಾಮ್ರದ ಔಷಧಿ ಹಾಕಿ' ಎಂದಿದ್ದೀರಿ. ಓದಿ ಗಾಬರಿಯಾಯಿತು. ಹವಳ, ಸೀಗಡಿ, ಬಸವನಹುಳು ಇರುವ ತೊಟ್ಟಿಗೆ ತಾಮ್ರ ವಿಷ. ಕಲ್ಲು, ಮರಳು ಅದನ್ನು ಹೀರಿಕೊಳ್ಳುವುದರಿಂದ ಪ್ರಮಾಣವೂ ನಿಲ್ಲುವುದಿಲ್ಲ. ಮೀನನ್ನು ಬರೀ ಪೈಪು, ಫಿಲ್ಟರ್ ಇರುವ ಬೇರೆ ತೊಟ್ಟಿಗೆ ಹಾಕಿ, ದಿನವೂ ಟೆಸ್ಟ್ ಕಿಟ್‌ನಲ್ಲಿ ಅಳೆಯುತ್ತಾ ಕೊಡಬೇಕು. 'ಸ್ವಲ್ಪ' ಅನ್ನುವುದು ಇಲ್ಲಿ ನಡೆಯುವುದಿಲ್ಲ. ಕಡಿಮೆಯಾದರೆ ಪರೋಪಜೀವಿ ಉಳಿಯುತ್ತದೆ, ಜಾಸ್ತಿಯಾದರೆ ಮೀನು ಹೋಗುತ್ತದೆ. ಕವಚದಿಂದ ಹೊರಬಂದ ಮರಿಗಳಿಗೆ ಮೀನು ಸಿಗದ ಹಾಗೆ ಮೂಲ ತೊಟ್ಟಿಯನ್ನು ಒಂದೂ ಮೀನಿಲ್ಲದಂತೆ ಇಡಬೇಕು. ಅನುಭವಿಗಳು ಇದಕ್ಕೆ 76 ದಿನ ಎನ್ನುತ್ತಾರೆ. ಅಷ್ಟು ದಿನ ಕಾಯುವುದು ಕಷ್ಟ, ಅಲ್ವಾ? ಆ ಕಷ್ಟದ ಬಗ್ಗೆಯೇ ಬರೆಯಿರಿ, ಓದುಗರಿಗೆ ಧೈರ್ಯ ಬರುತ್ತದೆ.

ಸಮುದ್ರದ ವರ್ಣನೆಯ ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಟ್ಯಾಂಗ್ ಕಲ್ಲಿಗೆ ಮೈ ಉಜ್ಜಿದ್ದು, ಒಂದೇ ಕಡೆಯ ಕಿವಿರು ಬಡಿಯುತ್ತಿದ್ದದ್ದು, ಇವನ್ನು ನೀವು ಬಹಳ ಚೆನ್ನಾಗಿ ನೋಡಿದ್ದೀರಿ. ಅಲ್ಲಿಂದಲೇ ಶುರು ಮಾಡಿ. ಮೀನಿನ ಒಂದು ಸ್ಪಷ್ಟ ಫೋಟೋ, ನೀರಿನ ಉಷ್ಣಾಂಶ, ಉಪ್ಪಿನ ಪ್ರಮಾಣ, ಆಮೇಲೆ ಮೀನಿಗೆ ಏನಾಯಿತು ಎಂಬ ವಿವರ ಸೇರಿಸಿ ಮತ್ತೆ ಕಳಿಸಿ. ನಾನೇ ಓದುತ್ತೇನೆ. ಟ್ಯಾಂಗ್‌ಗೆ ಇನ್ನೊಮ್ಮೆ ಚುಕ್ಕೆ ಬಂದಿದ್ದರೆ ಲೇಖನ ಆಮೇಲಾಗಲಿ, ಮೊದಲು ಬೇರೆ ತೊಟ್ಟಿ ಸಿದ್ಧ ಮಾಡಿ.

ಇಂತಿ,
ಸಂಪಾದಕ