ವಿಮಾನದ ಕಾಗದಪತ್ರ, ತಪಾಸಣೆ ಮತ್ತು ಹಾರಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ನಾಗರಿಕ ವಿಮಾನಗಳ ಹಾರಾಟ, ತಪಾಸಣೆ ಮತ್ತು ಕಾಗದಪತ್ರಗಳ ಕುರಿತು ಓದುಗರು ಕಳುಹಿಸಿರುವ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಉತ್ತರಗಳಿಗೆ ಮುಖ್ಯ ಆಧಾರ 1944ರ ಡಿಸೆಂಬರ್ 7ರಂದು ಸಹಿಯಾದ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನಕ್ಕೆ ಸಂಬಂಧಿಸಿದ ಶಿಕಾಗೊ ಒಪ್ಪಂದ ಮತ್ತು ಅದರ ಅನುಬಂಧಗಳು. ಈಗ 193 ದೇಶಗಳು ಈ ಒಪ್ಪಂದಕ್ಕೆ ಒಳಪಟ್ಟಿವೆ. ಯಾವ ದೇಶವಾದರೂ ತನ್ನ ಕಾನೂನಿನಲ್ಲಿ ಇದಕ್ಕಿಂತ ಬಿಗಿಯಾದ ಷರತ್ತುಗಳನ್ನು ವಿಧಿಸಬಹುದಾದ್ದರಿಂದ, ಇಲ್ಲಿ ಹೇಳಿರುವುದನ್ನು ಕನಿಷ್ಠ ಮಟ್ಟವೆಂದೇ ತಿಳಿಯಬೇಕು.

ಪ್ರಶ್ನೆ: ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ವಿಮಾನದೊಳಗೆ ಕಡ್ಡಾಯವಾಗಿ ಇರಬೇಕಾದ ದಾಖಲೆಗಳು ಯಾವುವು? ಅವುಗಳಲ್ಲಿ ಹೆಚ್ಚು ಮುಖ್ಯವಾದದ್ದು ಯಾವುದು?

ಒಪ್ಪಂದದ 29ನೇ ವಿಧಿ ಏಳು ದಾಖಲೆಗಳನ್ನು ಹೆಸರಿಸುತ್ತದೆ. ಮೊದಲನೆಯದು ನೋಂದಣಿ ಪ್ರಮಾಣಪತ್ರ, ಎರಡನೆಯದು ಹಾರಾಟಯೋಗ್ಯತಾ ಪ್ರಮಾಣಪತ್ರ, ಮೂರನೆಯದು ಸಿಬ್ಬಂದಿಯಲ್ಲಿ ಪ್ರತಿಯೊಬ್ಬರಿಗೂ ಸಂಬಂಧಿಸಿದ ಪರವಾನಗಿ. ಇವುಗಳ ಜೊತೆಗೆ ಪ್ರಯಾಣದ ಲಾಗ್‌ಬುಕ್ ಇರಬೇಕು. ರೇಡಿಯೊ ಇದ್ದರೆ ಅದರ ಪರವಾನಗಿ, ಪ್ರಯಾಣಿಕರಿದ್ದರೆ ಅವರ ಹೆಸರು ಹಾಗೂ ಹತ್ತುವ ಮತ್ತು ಇಳಿಯುವ ಸ್ಥಳಗಳ ಪಟ್ಟಿ, ಸರಕು ಇದ್ದರೆ ಅದರ ಪಟ್ಟಿ ಮತ್ತು ವಿವರವಾದ ಘೋಷಣೆ ಇರಬೇಕು. ಕಾಲಕ್ರಮದಲ್ಲಿ ಇತರ ಅನುಬಂಧಗಳಿಂದ ಇನ್ನೂ ಕೆಲವು ಸೇರಿಕೊಂಡಿವೆ. ವಿಮಾನಯಾನ ಕಂಪನಿಗೆ ಕೊಟ್ಟಿರುವ ನಿರ್ವಾಹಕ ಪ್ರಮಾಣಪತ್ರದ ದೃಢೀಕೃತ ಪ್ರತಿ ಮತ್ತು ಶಬ್ದದ ಮಟ್ಟವನ್ನು ಪ್ರಮಾಣೀಕರಿಸುವ ದಾಖಲೆ ಇವುಗಳಲ್ಲಿ ಸೇರಿವೆ. ವಿಮೆಯ ಪತ್ರವನ್ನು ಒಪ್ಪಂದ ಹೆಸರಿಸದಿದ್ದರೂ ಅನೇಕ ದೇಶಗಳು ಅದನ್ನು ಕೇಳುತ್ತವೆ.

ಯಾವುದು ಮುಖ್ಯ ಎಂಬ ಪ್ರಶ್ನೆಗೆ ನಿಯಮದಲ್ಲಿ ಉತ್ತರವಿಲ್ಲ, ಏಕೆಂದರೆ ಏಳೂ ಕಡ್ಡಾಯ. ನನ್ನನ್ನೇ ಕೇಳಿದರೆ ಲಾಗ್‌ಬುಕ್ ಎನ್ನುತ್ತೇನೆ. ಉಳಿದ ಪ್ರಮಾಣಪತ್ರಗಳು ಕಚೇರಿಯೊಂದರಲ್ಲಿ ಸಿದ್ಧವಾಗಿ ತಿಂಗಳುಗಟ್ಟಲೆ ಬದಲಾಗದೆ ಉಳಿಯುತ್ತವೆ. ಲಾಗ್‌ಬುಕ್ ಮಾತ್ರ ಪ್ರತಿ ಹಾರಾಟದಲ್ಲೂ ಬೆಳೆಯುತ್ತದೆ. ಯಾರು ಹಾರಿಸಿದರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಇಳಿದರು, ದಾರಿಯಲ್ಲಿ ಗಮನಿಸಿದ್ದೇನು ಎಂಬುದನ್ನೆಲ್ಲ ಬರೆದು ಕ್ಯಾಪ್ಟನ್ ಸಹಿ ಹಾಕಬೇಕು. ನಮೂದನ್ನು ಆಗಿಂದಾಗಲೇ, ಶಾಯಿಯಲ್ಲಿ ಅಥವಾ ಅಳಿಸಲಾಗದ ಪೆನ್ಸಿಲಿನಲ್ಲಿ ಬರೆಯಬೇಕೆಂದು ಆರನೇ ಅನುಬಂಧ ಶಿಫಾರಸು ಮಾಡಿತ್ತು. ಬರೆದದ್ದನ್ನು ಆಮೇಲೆ ಅನುಕೂಲಕ್ಕೆ ತಕ್ಕಂತೆ ತಿದ್ದುವಂತಿರಬಾರದು ಎಂಬ ಎಚ್ಚರ ಆ ಸಣ್ಣ ಷರತ್ತಿನ ಹಿಂದಿದೆ.

ಪ್ರಶ್ನೆ: ವಿಮಾನದ ಮೇಲಿನ ಅಕ್ಷರಗಳನ್ನು ಕಂಪನಿಗಳು ತಮ್ಮ ಇಷ್ಟದಂತೆ ಆರಿಸಿಕೊಳ್ಳಬಹುದೇ?

ಮೊದಲ ಭಾಗವನ್ನು ಆರಿಸಿಕೊಳ್ಳಲು ಬರುವುದಿಲ್ಲ, ಅದು ದೇಶದ ಗುರುತು. ಭಾರತಕ್ಕೆ ವಿಟಿ, ಬ್ರಿಟನ್ನಿಗೆ ಜಿ, ಅಮೆರಿಕಕ್ಕೆ ಎನ್. ಉಳಿದ ಅಕ್ಷರ ಅಥವಾ ಅಂಕಿಗಳನ್ನು ನೋಂದಾಯಿಸುವ ದೇಶ ಕೊಡುತ್ತದೆ. ಆದರೆ ಅಪಾಯದ ಸಂಕೇತವಾದ ಎಸ್‌ಒಎಸ್‌ನಂಥ ಜೋಡಣೆಯನ್ನು ಯಾರಿಗೂ ಕೊಡುವಂತಿಲ್ಲ. ರೆಕ್ಕೆಯ ಮೇಲಿನ ಗುರುತು ಕನಿಷ್ಠ 50 ಸೆಂಟಿಮೀಟರ್, ಒಡಲಿನ ಮೇಲಿನದು ಕನಿಷ್ಠ 30 ಸೆಂಟಿಮೀಟರ್ ಎತ್ತರವಿರಬೇಕು. ಇದಲ್ಲದೆ ಅದೇ ಗುರುತನ್ನು ಕೆತ್ತಿದ, ಬೆಂಕಿಗೆ ಕರಗದ ಲೋಹದ ಫಲಕವೊಂದನ್ನು ಮುಖ್ಯ ಬಾಗಿಲಿನ ಹತ್ತಿರ ಎದ್ದು ಕಾಣುವಂತೆ ಬಿಗಿದಿರಬೇಕು. ಬಣ್ಣವೆಲ್ಲ ಸುಟ್ಟುಹೋದ ಮೇಲೂ ವಿಮಾನ ಯಾವುದೆಂದು ಅದರಿಂದ ತಿಳಿಯುತ್ತದೆ. ಒಂದು ವಿಮಾನಕ್ಕೆ ಏಕಕಾಲದಲ್ಲಿ ಎರಡು ದೇಶಗಳ ನೋಂದಣಿ ಊರ್ಜಿತವಾಗುವುದಿಲ್ಲ.

ಪ್ರಶ್ನೆ: ಹಾರಾಟಯೋಗ್ಯತಾ ಪ್ರಮಾಣಪತ್ರ ಚಾಲ್ತಿಯಲ್ಲಿದ್ದರೆ ಆ ದಿನ ವಿಮಾನ ಹಾರಲು ಯೋಗ್ಯವಾಗಿದೆ ಎಂದೇ ಅರ್ಥವಲ್ಲವೇ? ಮತ್ತೆ ಪ್ರತಿ ಸಲ ಸಹಿ ಏಕೆ?

ಹಾಗೆ ಅರ್ಥವಲ್ಲ. ಆ ಪ್ರಮಾಣಪತ್ರ ಹೇಳುವುದು ಇಷ್ಟು: ಈ ವಿಮಾನ ಅನುಮೋದಿತ ವಿನ್ಯಾಸಕ್ಕೆ ಅನುಗುಣವಾಗಿದೆ, ನಿಗದಿತ ನಿರ್ವಹಣೆಯನ್ನು ನಡೆಸಿಕೊಂಡು ಬಂದಷ್ಟು ಕಾಲ ಈ ಪತ್ರ ಊರ್ಜಿತವಾಗಿರುತ್ತದೆ. ನಿನ್ನೆ ರಾತ್ರಿ ಯಾವ ಭಾಗವನ್ನು ಬಿಚ್ಚಿದರು, ಅದನ್ನು ಸರಿಯಾಗಿ ಮರುಜೋಡಿಸಿದರೇ ಎಂಬುದು ಆ ಪತ್ರಕ್ಕೆ ಗೊತ್ತಿಲ್ಲ. ಅದಕ್ಕಾಗಿಯೇ ದುರಸ್ತಿ ಮುಗಿದ ಮೇಲೆ ಅಧಿಕೃತ ತಂತ್ರಜ್ಞರು ದೋಷ ಮತ್ತು ದುರಸ್ತಿಗಳನ್ನು ದಾಖಲಿಸುವ ತಾಂತ್ರಿಕ ಲಾಗ್‌ನಲ್ಲಿ ಸಹಿ ಮಾಡಿ ವಿಮಾನವನ್ನು ಸೇವೆಗೆ ಬಿಡುಗಡೆ ಮಾಡುತ್ತಾರೆ, ಅದನ್ನು ಓದಿ ಒಪ್ಪಿಕೊಂಡ ಕ್ಯಾಪ್ಟನ್ ತಮ್ಮ ಸಹಿಯನ್ನು ಹಾಕುತ್ತಾರೆ.

ವಿಮಾನದಲ್ಲಿ ಎಲ್ಲವೂ ಸದಾ ಸುಸ್ಥಿತಿಯಲ್ಲಿರುವುದಿಲ್ಲ ಎಂಬುದನ್ನು ನಿಯಮವೂ ಒಪ್ಪುತ್ತದೆ. ಯಾವ ಸಲಕರಣೆ ಕೆಟ್ಟಿದ್ದರೂ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂಬುದನ್ನು ಕನಿಷ್ಠ ಸಲಕರಣೆಗಳ ಪಟ್ಟಿ ಹೇಳುತ್ತದೆ. ಪೈಲಟ್‌ಗಳ ಬಾಯಲ್ಲಿ ಅದು ಎಂಇಎಲ್. ಆ ಪಟ್ಟಿಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ 1983ರ ಜುಲೈ 23ರಂದು ಕೆನಡಾದಲ್ಲಿ ನಡೆದ ಘಟನೆ ಒಳ್ಳೆಯ ಪಾಠ. ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದರಲ್ಲಿ ಇಂಧನ ಅಳೆಯುವ ವ್ಯವಸ್ಥೆ ಕೈಕೊಡುತ್ತಿತ್ತು. ತಂತ್ರಜ್ಞರೊಬ್ಬರು ದೋಷವಿದ್ದ ಭಾಗಕ್ಕೆ ವಿದ್ಯುತ್ ಕಡಿಯುವ ಸರ್ಕ್ಯೂಟ್ ಬ್ರೇಕರ್ ಗುಂಡಿಯನ್ನು ಹೊರಗೆ ಎಳೆದು, ಅದಕ್ಕೆ ಗುರುತು ಅಂಟಿಸಿ, ಮಾಪಕಗಳು ಕೆಲಸ ಮಾಡುವಂತೆ ಮಾಡಿದ್ದರು. ಮಾಂಟ್ರಿಯಲ್‌ನಲ್ಲಿ ಇನ್ನೊಬ್ಬರು ಪರೀಕ್ಷೆಗೆಂದು ಅದೇ ಬ್ರೇಕರನ್ನು ಒಳಗೆ ಒತ್ತಿ, ಮತ್ತೆ ಹೊರಗೆಳೆಯಲು ಮರೆತರು. ಇಂಧನದ ಮಾಪಕಗಳೆಲ್ಲ ಯಾವ ಅಂಕಿಯನ್ನೂ ತೋರಿಸದೆ ಖಾಲಿ ಬಿದ್ದವು. ಲಾಗ್‌ನಲ್ಲಿದ್ದ ನಮೂದು ಮಾಪಕ ಖಾಲಿಯಾಗಿತ್ತೆಂದೂ ಬ್ರೇಕರ್ ಎಳೆಯಲಾಗಿದೆಯೆಂದೂ ಹೇಳುತ್ತಿತ್ತೇ ಹೊರತು, ಎಳೆದ ಮೇಲೆ ಮಾಪಕ ಸರಿಹೋಯಿತೆಂಬುದನ್ನು ಸ್ಪಷ್ಟಪಡಿಸಿರಲಿಲ್ಲ. ಹೀಗಾಗಿ ಖಾಲಿ ಮಾಪಕಗಳೊಂದಿಗೆ ಹಾರಲು ಅನುಮತಿಯಿದೆ ಎಂದು ಕ್ಯಾಪ್ಟನ್ ಭಾವಿಸಿದರು. ಎಂಇಎಲ್ ಪ್ರಕಾರ ಅಂಥ ಅನುಮತಿ ಇರಲಿಲ್ಲ.

ಮುಂದಿನದು ಲೆಕ್ಕದ ಎಡವಟ್ಟು. ಪ್ರಯಾಣಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಟ್ಯಾಂಕಿನಲ್ಲಿದ್ದ 7,682 ಲೀಟರನ್ನು ತೂಕಕ್ಕೆ ಪರಿವರ್ತಿಸುವಾಗ ಪೌಂಡಿಗೆ ಅನ್ವಯಿಸುವ 1.77 ಎಂಬ ಸಂಖ್ಯೆಯಿಂದ ಗುಣಿಸಿ, ಬಂದ ಉತ್ತರವನ್ನು ಕಿಲೋಗ್ರಾಂ ಎಂದೇ ತಿಳಿದರು. 20,088 ಲೀಟರ್ ತುಂಬಿಸಬೇಕಾದಲ್ಲಿ ತುಂಬಿಸಿದ್ದು 4,916 ಲೀಟರ್. ವಿಮಾನ 41,000 ಅಡಿ ಎತ್ತರದಲ್ಲಿದ್ದಾಗ ಇಂಧನ ಬರಿದಾಗತೊಡಗಿತು. ಎರಡೂ ಎಂಜಿನ್ ನಿಂತ ವಿಮಾನವನ್ನು ಪೈಲಟ್‌ಗಳು ತೇಲಿಸಿಕೊಂಡು ಹೋಗಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕಿದರು. ಆ ದಿನ ಹಾರಾಟಯೋಗ್ಯತಾ ಪತ್ರದಲ್ಲಿ ಕೊರತೆಯಿರಲಿಲ್ಲ. ಪ್ರಶ್ನೆ ಕೇಳಿದವರು ಇದನ್ನು ಗಮನಿಸಬೇಕು.

ಪ್ರಶ್ನೆ: ತಂತ್ರಜ್ಞರು ಪರೀಕ್ಷಿಸಿ ಸಹಿ ಮಾಡಿದ ಮೇಲೂ ಪೈಲಟ್ ವಿಮಾನವನ್ನು ಸುತ್ತಿ ನೋಡುವುದನ್ನು ಕಂಡಿದ್ದೇನೆ. ಅದು ಕೇವಲ ಸಂಪ್ರದಾಯವೇ?

ಕೆಲವು ಪೈಲಟ್‌ಗಳು ಅದನ್ನು ಸಂಪ್ರದಾಯದಂತೆ ಮುಗಿಸುವುದುಂಟು, ಅಪಾಯವೂ ಅಲ್ಲೇ ಇದೆ. 1996ರ ಅಕ್ಟೋಬರ್ 2ರಂದು ಪೆರುವಿನ ಲಿಮಾದಿಂದ ಹೊರಟ ಏರೊಪೆರು 603 ವಿಮಾನದ ಕಥೆಯನ್ನು ನೋಡಿ. ಬೋಯಿಂಗ್ 757ರ ಒಡಲಿನ ಪಕ್ಕದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಹೊರಗಿನ ಗಾಳಿಯ ಒತ್ತಡವನ್ನು ಅವುಗಳ ಮೂಲಕ ಅಳೆದು ಎತ್ತರ ಮತ್ತು ವೇಗವನ್ನು ಲೆಕ್ಕಹಾಕಲಾಗುತ್ತದೆ. ವಿಮಾನವನ್ನು ತೊಳೆಯುವಾಗ ಒಳಗೆ ನೀರು ಹೋಗದಿರಲೆಂದು ಈ ರಂಧ್ರಗಳಿಗೆ ಅಂಟುಪಟ್ಟಿ ಹಚ್ಚಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಕೀಳಲಿಲ್ಲ. ಬಿಡುಗಡೆಗೆ ಮುನ್ನ ನೋಡಬೇಕಾದವರ ಕಣ್ಣಿಗೂ, ಸುತ್ತಿ ನೋಡಿದ ಪೈಲಟ್ ಕಣ್ಣಿಗೂ ಅದು ಬೀಳಲಿಲ್ಲ. ರಾತ್ರಿಯ ಹೊತ್ತು, ಪಟ್ಟಿಯ ಬಣ್ಣವೂ ಒಡಲಿನ ಹೊಳಪಿಗೆ ಹೊಂದಿಕೊಳ್ಳುವಂಥದ್ದು.

ನೆಲ ಬಿಟ್ಟ ಕೂಡಲೇ ಎತ್ತರದ ಮಾಪಕ ಸುಳ್ಳು ಹೇಳತೊಡಗಿತು. ವೇಗ ಅತಿಯಾಯಿತೆಂಬ ಎಚ್ಚರಿಕೆಯೂ, ವೇಗ ಸಾಲದೆಂಬ ಎಚ್ಚರಿಕೆಯೂ ಒಟ್ಟೊಟ್ಟಿಗೆ ಬಂದವು. ಪೈಲಟ್‌ಗಳು ನಿಯಂತ್ರಣ ಕೇಂದ್ರವನ್ನು ಎತ್ತರ ಕೇಳಿದರು. ಆದರೆ ಕೇಂದ್ರದ ಪರದೆಯಲ್ಲಿ ಕಾಣುತ್ತಿದ್ದ ಎತ್ತರವೂ ಅದೇ ವಿಮಾನದಿಂದ ರೇಡಿಯೊ ಮೂಲಕ ಬಂದ ಅಂಕಿಯೇ ಆಗಿತ್ತು. ಮಾಪಕ ಸುಮಾರು 9,700 ಅಡಿ ತೋರಿಸುತ್ತಿದ್ದಾಗ ರೆಕ್ಕೆ ಸಮುದ್ರಕ್ಕೆ ತಗುಲಿತು. ಎಪ್ಪತ್ತು ಜನರಲ್ಲಿ ಯಾರೂ ಉಳಿಯಲಿಲ್ಲ.

ಆದ್ದರಿಂದ ಪೈಲಟ್ ಸುತ್ತು ಹಾಕುವುದು ತಂತ್ರಜ್ಞರ ಮೇಲಿನ ಅಪನಂಬಿಕೆಯಿಂದಲ್ಲ. ಕೆಲಸ ಮಾಡಿದವರ ಕಣ್ಣಿಗೆ ತಾವು ಮಾಡಿದ್ದು ಮುಗಿದಂತೆಯೇ ಕಾಣುತ್ತದೆ, ಹೊಸದಾಗಿ ಬಂದವರಿಗೆ ಆ ಊಹೆ ಇರಬಾರದು. ಒತ್ತಡದ ರಂಧ್ರಗಳು, ವೇಗ ಅಳೆಯಲು ನೆರವಾಗುವ ಪಿಟೊ ಕೊಳವೆಯ ಮುಸುಕು, ಟೈರಿನ ಸವೆತ, ಎಣ್ಣೆಯ ಸೋರಿಕೆ, ರೆಕ್ಕೆಯ ಅಂಚಿನ ಮಂಜು, ಮುಚ್ಚದೆ ಉಳಿದ ಫಲಕ ಇವುಗಳನ್ನು ಅವರು ನೋಡುತ್ತಾರೆ. ಟಾರ್ಚ್ ಹಿಡಿದು, ಬಗ್ಗಿ, ಕೆಳಗಿನಿಂದ ನೋಡಿದರೆ ಮಾತ್ರ ಇವುಗಳಲ್ಲಿ ಕೆಲವು ಕಾಣುತ್ತವೆ.

ಪ್ರಶ್ನೆ: ಬೇರೆ ದೇಶದ ಅಧಿಕಾರಿಗಳು ತಮ್ಮ ನೆಲದಲ್ಲಿ ಇಳಿದ ವಿಮಾನವನ್ನು ತಪಾಸಣೆಗಾಗಿ ತಡೆದು ನಿಲ್ಲಿಸಬಹುದೇ? ಒಂದು ದೇಶ ಕೊಟ್ಟ ಪ್ರಮಾಣಪತ್ರವನ್ನು ಇನ್ನೊಂದು ದೇಶ ಪ್ರಶ್ನಿಸುವುದು ಸರಿಯೇ?

ಎರಡು ವಿಧಿಗಳನ್ನು ಒಟ್ಟಿಗೆ ಓದಬೇಕು. ನೋಂದಣಿಯ ದೇಶ ನೀಡಿದ ಹಾರಾಟಯೋಗ್ಯತಾ ಪತ್ರ ಮತ್ತು ಪರವಾನಗಿಗಳನ್ನು, ಅವು ಅಂತರರಾಷ್ಟ್ರೀಯ ಕನಿಷ್ಠ ಮಟ್ಟಕ್ಕೆ ತಕ್ಕಂತಿದ್ದರೆ, ಇತರ ದೇಶಗಳು ಮಾನ್ಯ ಮಾಡಬೇಕೆಂದು 33ನೇ ವಿಧಿ ಹೇಳುತ್ತದೆ. ಇನ್ನೊಂದೆಡೆ 16ನೇ ವಿಧಿಯು ಇಳಿಯುವ ಅಥವಾ ಹೊರಡುವ ಪರದೇಶದ ವಿಮಾನವನ್ನು ಶೋಧಿಸುವ ಮತ್ತು ಕಾಗದಪತ್ರ ಪರಿಶೀಲಿಸುವ ಹಕ್ಕನ್ನು ಪ್ರತಿ ದೇಶಕ್ಕೂ ಕೊಡುತ್ತದೆ. ಅಸಮಂಜಸವಾದ ವಿಳಂಬ ಆಗಕೂಡದು ಎಂಬುದೇ ಅದರ ಷರತ್ತು.

ಯುರೋಪಿನ ದೇಶಗಳು 1996ರಿಂದ ಈ ಹಕ್ಕನ್ನು ಒಂದು ಸಂಘಟಿತ ವ್ಯವಸ್ಥೆಯಾಗಿ ಬಳಸುತ್ತಿವೆ. ಎರಡು ಹಾರಾಟಗಳ ನಡುವೆ ವಿಮಾನ ನಿಂತಿರುವಷ್ಟು ಹೊತ್ತಿನಲ್ಲೇ ಇನ್‌ಸ್ಪೆಕ್ಟರ್‌ಗಳು ಕಾಕ್‌ಪಿಟ್, ಕ್ಯಾಬಿನ್, ಹೊರಮೈ, ಸರಕಿನ ಕೋಣೆಗಳನ್ನು ನೋಡುತ್ತಾರೆ. ಕಂಡ ಲೋಪಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಸಣ್ಣದನ್ನು ಕ್ಯಾಪ್ಟನ್ ಗಮನಕ್ಕೆ ತಂದು ಬಿಡುತ್ತಾರೆ. ಎರಡನೇ ವರ್ಗದ್ದನ್ನು ಕಂಪನಿಗೂ ಅದರ ದೇಶದ ಪ್ರಾಧಿಕಾರಕ್ಕೂ ತಿಳಿಸುತ್ತಾರೆ. ಮೂರನೇ ವರ್ಗದ್ದಾದರೆ ಹೊರಡುವ ಮೊದಲೇ ಸರಿಪಡಿಸಬೇಕು ಅಥವಾ ಹಾರಾಟಕ್ಕೆ ನಿರ್ಬಂಧ ಬೀಳುತ್ತದೆ. ಒಂದು ಗಂಟೆಯ ಈ ನೋಟ ವಿಮಾನದ ಸಂಪೂರ್ಣ ತಪಾಸಣೆಯಲ್ಲ, ಹಾಗೆಂದು ಯಾರೂ ಹೇಳಿಕೊಳ್ಳುವುದೂ ಇಲ್ಲ. ಆದರೆ ಸರಕನ್ನು ಬಿಗಿದಿಲ್ಲ, ತುರ್ತು ಬಾಗಿಲಿನ ದಾರಿಗೆ ಪೆಟ್ಟಿಗೆ ಅಡ್ಡ ಇಟ್ಟಿದ್ದಾರೆ ಎಂಬಂಥ ಲೋಪಗಳು ಒಂದೇ ಕಂಪನಿಯ ವಿಮಾನಗಳಲ್ಲಿ ಮತ್ತೆ ಮತ್ತೆ ಕಂಡರೆ, ಆ ಕಂಪನಿಯ ಹ್ಯಾಂಗರ್ ಹೇಗಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಪ್ರಶ್ನೆ: ಒಂದು ದೇಶದಲ್ಲಿ ನೋಂದಣಿಯಾದ ವಿಮಾನವನ್ನು ಇನ್ನೊಂದು ದೇಶದ ಕಂಪನಿ ಗುತ್ತಿಗೆಗೆ ಪಡೆದು ಹಾರಿಸಿದರೆ ಉಸ್ತುವಾರಿ ಯಾರದು?

ಮೂಲ ನಿಯಮದಂತೆ ನೋಂದಣಿಯ ದೇಶದ್ದೇ. ಗುತ್ತಿಗೆಯ ವ್ಯವಹಾರ ಹೆಚ್ಚಿದಂತೆ, ವಿಮಾನವನ್ನು ಕಣ್ಣಿಂದಲೂ ಕಾಣದ ದೇಶ ಅದರ ಉಸ್ತುವಾರಿ ಹೊರುವುದು ಕಷ್ಟವಾಯಿತು. ಅದಕ್ಕಾಗಿ 1980ರಲ್ಲಿ ಶಿಕಾಗೊ ಒಪ್ಪಂದದ 83ನೇ ವಿಧಿಯ ನಂತರ ಸೇರಿಸಲೆಂದು 83 ಬಿಸ್ ಎಂಬ ವಿಧಿಯನ್ನು ಅಂಗೀಕರಿಸಲಾಯಿತು. ಅದು ಜಾರಿಗೆ ಬಂದದ್ದು 1997ರಲ್ಲಿ. ಇದರ ಪ್ರಕಾರ ಎರಡು ದೇಶಗಳು ಒಪ್ಪಂದ ಮಾಡಿಕೊಂಡು, ಹಾರಾಟದ ನಿಯಮ, ಹಾರಾಟಯೋಗ್ಯತೆ, ಪರವಾನಗಿ, ರೇಡಿಯೊ ಇವುಗಳ ಹೊಣೆಯನ್ನು ಪೂರ್ಣವಾಗಿಯೋ ಭಾಗಶಃವೋ ನಿರ್ವಾಹಕರ, ಅಂದರೆ ವಿಮಾನ ಹಾರಿಸುವ ಕಂಪನಿಯ, ದೇಶಕ್ಕೆ ವರ್ಗಾಯಿಸಬಹುದು. ಅಂಥ ವರ್ಗಾವಣೆ ಆಗಿದ್ದರೆ ಅದರ ದೃಢೀಕೃತ ದಾಖಲೆಯೂ ವಿಮಾನದಲ್ಲಿರಬೇಕು.

ಪ್ರಶ್ನೆ: ಪೈಲಟ್ ಬಳಿ ಪರವಾನಗಿಯೊಂದಿದ್ದರೆ ಸಾಕೇ?

ಸಾಲದು. ವೈದ್ಯಕೀಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು, ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ ಇರಬೇಕು, ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಸಲ ಏರಿಸಿ ಇಳಿಸಿರಬೇಕು (ಇದಕ್ಕೆ ಸಿಮ್ಯುಲೇಟರ್ ಕೂಡ ನಡೆಯುತ್ತದೆ). ಅಂತರರಾಷ್ಟ್ರೀಯ ಹಾರಾಟಕ್ಕೆ ರೇಡಿಯೊದಲ್ಲಿ ಬಳಸುವ ಭಾಷೆಯಲ್ಲಿ ನಾಲ್ಕನೇ ಮಟ್ಟದ ಪ್ರಾವೀಣ್ಯವಾದರೂ ಬೇಕು. ಕನ್ನಡಕ ಧರಿಸಬೇಕೆಂಬ ಷರತ್ತು ಇರುವವರು ಇನ್ನೊಂದು ಜೊತೆ ಕನ್ನಡಕವನ್ನು ಕೈಗೆಟಕುವಂತೆ ಇಟ್ಟುಕೊಂಡಿರಬೇಕು. ತಪಾಸಣೆಯ ವೇಳೆ ಇದನ್ನೂ ಕೇಳುತ್ತಾರೆ.

ಪ್ರಶ್ನೆ: ಇಷ್ಟೊಂದು ನಿಯಮಗಳ ನಡುವೆ ತುರ್ತು ಸಂದರ್ಭದಲ್ಲಿ ಕ್ಯಾಪ್ಟನ್ ನಿಯಮ ಮುರಿಯಬಹುದೇ?

ಮುರಿಯಬಹುದು, ಮತ್ತು ಆ ಅವಕಾಶವನ್ನು ನಿಯಮವೇ ಕೊಟ್ಟಿದೆ. ಎರಡನೇ ಅನುಬಂಧದ ಪ್ರಕಾರ ವಿಮಾನದ ಕುರಿತ ಅಂತಿಮ ತೀರ್ಮಾನ ಕ್ಯಾಪ್ಟನ್ ಅವರದೇ. ಸುರಕ್ಷತೆಗೆ ಅನಿವಾರ್ಯವಾದಾಗ ಅವರು ಹಾರಾಟದ ನಿಯಮಗಳಿಂದ ಸರಿಯಬಹುದು. ಉದಾಹರಣೆಗೆ, ಜೆಟ್ ವಿಮಾನ ಇಳಿಯುವಾಗ ಅಂತಿಮ ಮೀಸಲಾಗಿ 30 ನಿಮಿಷ ಹಾರುವಷ್ಟು ಇಂಧನ ಉಳಿದಿರಬೇಕು. ಅದು ಉಳಿಯುವುದಿಲ್ಲವೆಂದು ಲೆಕ್ಕದಿಂದ ಗೊತ್ತಾದ ಕೂಡಲೇ ಕ್ಯಾಪ್ಟನ್ 'ಮೇಡೇ ಫ್ಯುಯೆಲ್' ಎಂದು ಘೋಷಿಸಬೇಕು, ಆಗ ಇತರ ವಿಮಾನಗಳನ್ನು ಬದಿಗೆ ಸರಿಸಿ ಅವರಿಗೆ ದಾರಿ ಬಿಡುತ್ತಾರೆ. ಸಂಕೋಚದಿಂದಲೋ ಆಮೇಲೆ ಬರುವ ವಿಚಾರಣೆಯ ಭಯದಿಂದಲೋ ಇದನ್ನು ಹೇಳದೆ ಕಾಯುವುದೇ ದೊಡ್ಡ ತಪ್ಪು.

ವಿಚಾರಣೆ ಬರುವುದಂತೂ ನಿಜ. ತುರ್ತಿನಲ್ಲಿ ಸ್ಥಳೀಯ ನಿಯಮವನ್ನು ಮೀರಬೇಕಾಗಿ ಬಂದರೆ ಕ್ಯಾಪ್ಟನ್ ಅಲ್ಲಿನ ಅಧಿಕಾರಿಗಳಿಗೆ ತಡಮಾಡದೆ ತಿಳಿಸಬೇಕು. ಆ ದೇಶ ಕೇಳಿದರೆ ಲಿಖಿತ ವರದಿ ಕೊಟ್ಟು, ಅದರ ಪ್ರತಿಯನ್ನು ನಿರ್ವಾಹಕರ ದೇಶಕ್ಕೂ ಕಳುಹಿಸಬೇಕು. ಇದಕ್ಕೆ ಸಾಮಾನ್ಯವಾಗಿ 10 ದಿನಗಳ ಗಡುವು ಇರುತ್ತದೆ.