ವಿಯೆಟ್ನಾಂನಲ್ಲಿ ಸಣ್ಣ ವ್ಯಾಪಾರ ಬೆಳೆದದ್ದು ಸಾಲದಿಂದಲೋ, ಸಬ್ಸಿಡಿಯಿಂದಲೋ?

ನಿಮ್ಮ ಪ್ರಶ್ನೆ ಇದು: ಎಲ್ಲವೂ ಸರ್ಕಾರದ ಕೈಯಲ್ಲಿದ್ದ ದೇಶ ಮಾರುಕಟ್ಟೆಯ ಕಡೆ ಹೊರಳುವಾಗ ಸಣ್ಣ ವ್ಯಾಪಾರಿಗಳಿಗೆ ಮೊದಲು ಏನು ಕೊಡಬೇಕು, ಸಾಲವೋ ಸಬ್ಸಿಡಿಯೋ? ವಿಯೆಟ್ನಾಂನಲ್ಲಿ ಏನು ಕೊಟ್ಟರು?

ನಾನು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರ. ರೊಬಸ್ಟಾ ಕಾಫಿಯ ಬೆಲೆ ಏರಲಿ, ಇಳಿಯಲಿ, ನಮ್ಮ ಮಾತಿನಲ್ಲಿ ವಿಯೆಟ್ನಾಂ ಬಂದೇ ಬರುತ್ತದೆ. ಹಾಗಾಗಿ ಆ ದೇಶದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ನನಗೆ ಅರ್ಥವಾದದ್ದು ಇಷ್ಟು: ಅಲ್ಲಿ ದುಡ್ಡು ಬಂದದ್ದು ಆಮೇಲೆ. ಮೊದಲು ಹೋದದ್ದು ಅಪ್ಪಣೆ ಕೇಳುವ ಕಾಟ.

1975ರಲ್ಲಿ ಯುದ್ಧ ಮುಗಿದ ಮೇಲೆ ದಕ್ಷಿಣದಲ್ಲೂ ಸಹಕಾರಿ ಬೇಸಾಯ, ಸರ್ಕಾರಿ ಅಂಗಡಿ, ರೇಷನ್ ಚೀಟಿ ಬಂದವು. ಒಂದು ಪ್ರಾಂತ್ಯದ ಅಕ್ಕಿಯನ್ನು ಇನ್ನೊಂದಕ್ಕೆ ಸಾಗಿಸುವಂತಿಲ್ಲ, ದಾರಿಯಲ್ಲಿ ತಪಾಸಣೆ ಗೇಟು. ಮೆಕಾಂಗ್ ಬಯಲಿನಲ್ಲಿ ಭತ್ತ ಬೆಳೆಯುತ್ತಿದ್ದರೂ ಪಕ್ಕದ ಸೈಗಾನ್ ನಗರದಲ್ಲಿ ಅಕ್ಕಿಗೆ ಪರದಾಟ. 1986ರ ಹೊತ್ತಿಗೆ ಹಣದುಬ್ಬರ ವರ್ಷಕ್ಕೆ ಶೇ. 700 ದಾಟಿತ್ತು. ಆ ಡಿಸೆಂಬರಿನಲ್ಲಿ ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನ ಮಾರುಕಟ್ಟೆಗೆ ಬಾಗಿಲು ತೆರೆಯುವ ‘ಡೊಯ್ ಮೊಯ್’ ಸುಧಾರಣೆಗೆ ಒಪ್ಪಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ದಾರಿಯನ್ನು ಮೊದಲು ಕಂಡವರು ಮೇಲಿನವರಲ್ಲ. ವಿನ್ ಫುಕ್ ಪ್ರಾಂತ್ಯದ ಪಕ್ಷದ ಕಾರ್ಯದರ್ಶಿ ಕಿಮ್ ನೊಕ್ 1966ರಲ್ಲೇ ಸಹಕಾರಿ ಜಮೀನನ್ನು ಮನೆಮನೆಗೆ ಗುತ್ತಿಗೆ ಕೊಡುವ ಪ್ರಯೋಗ ಮಾಡಿದ್ದರು. ಪಕ್ಷ ಅವರನ್ನು ಗದರಿಸಿ ನಿಲ್ಲಿಸಿತು. ಹೆಚ್ಚುಕಡಿಮೆ ಅದೇ ಕೆಲಸವನ್ನು 1988ರಲ್ಲಿ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋ ತನ್ನ 10ನೇ ನಿರ್ಣಯದ ಮೂಲಕ ಇಡೀ ದೇಶಕ್ಕೆ ಮಾಡಿತು. ಆ ವರ್ಷದ ಮೊದಲ ಭಾಗದಲ್ಲಿ ಉತ್ತರದ ಹಳ್ಳಿಗಳಲ್ಲಿ ಊಟಕ್ಕೆ ತತ್ವಾರವಿತ್ತು. 1989ರಲ್ಲಿ ಅದೇ ದೇಶ 10 ಲಕ್ಷ ಟನ್ನಿಗೂ ಜಾಸ್ತಿ ಅಕ್ಕಿ ರಫ್ತು ಮಾಡಿತು. ಬೆಳೆದವನಿಗೆ ಬೆಳೆ ಸಿಗುತ್ತದೆ ಅಂತ ಆಗಿತ್ತು, ಮಾರಲು ಬಿಟ್ಟಿದ್ದರು.

ಕಾಫಿಗೆ ಮುಖ್ಯವಾದದ್ದು 1993ರ ಭೂ ಕಾನೂನು. ಜಮೀನು ಹೆಸರಿಗೆ ಸರ್ಕಾರದ್ದೇ. ಆದರೆ ಬಹುವಾರ್ಷಿಕ ಬೆಳೆಗೆ 50 ವರ್ಷ ಬಳಸುವ ಹಕ್ಕು ಸಿಕ್ಕಿತು. ಆ ಹಕ್ಕನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು, ಬ್ಯಾಂಕಿನಲ್ಲಿ ಅಡವಿಡಬಹುದು. ಗಿಡ ನೆಟ್ಟು ಮೂರ್ನಾಲ್ಕು ವರ್ಷ ಫಸಲಿಗೆ ಕಾಯಬೇಕಾದ ಬೆಳೆಗಾರನಿಗೆ ಇದು ಎಷ್ಟು ದೊಡ್ಡದು ಅಂತ ಬೆಳೆಗಾರನನ್ನೇ ಕೇಳಬೇಕು. ಸಾಲ ಬಂದದ್ದು ಈ ಹಕ್ಕಿನ ಬೆನ್ನಿಗೆ. ಹಕ್ಕಿಲ್ಲದೆ ಸಾಲ ಮೇಳ ಮಾಡಿದ್ದರೆ ಅಡವಿಡಲು ಯಾರ ಹತ್ತಿರ ಏನಿತ್ತು? ಡಾಕ್ ಲಾಕ್ ಪ್ರಾಂತ್ಯದ ಒಂದೆರಡು ಹೆಕ್ಟೇರಿನ ತೋಟಗಳು ಸೇರಿಯೇ ವಿಯೆಟ್ನಾಂ 2000ದ ಹೊತ್ತಿಗೆ ಕೊಲಂಬಿಯಾವನ್ನು ಹಿಂದಿಕ್ಕಿ ಕಾಫಿಯಲ್ಲಿ ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂತು.

ಅಂಗಡಿ, ಕಾರ್ಖಾನೆಗಳ ಕಥೆ ಇನ್ನೂ ನಿಧಾನ. ಖಾಸಗಿ ಕಂಪನಿ ಕಟ್ಟಲು 1990ರಲ್ಲೇ ಕಾನೂನು ಬಂತು. ಆದರೆ ಶುರು ಮಾಡಲು ಪ್ರಾಂತ್ಯದ ಆಡಳಿತದ ಒಪ್ಪಿಗೆ ಬೇಕಿತ್ತು. ಒಂದೊಂದು ಕಸುಬಿಗೂ ಒಂದೊಂದು ಲೈಸೆನ್ಸ್, ಒಂದೊಂದು ಸೀಲು. ನಿಜವಾದ ತಿರುವು 1999ರಲ್ಲಿ ಪಾಸಾಗಿ 2000ದ ಜನವರಿ 1ರಂದು ಜಾರಿಗೆ ಬಂದ ಉದ್ಯಮ ಕಾನೂನು. ಕಾನೂನು ಬೇಡ ಅನ್ನದ ಯಾವ ವ್ಯಾಪಾರವನ್ನಾದರೂ ಮಾಡಬಹುದು, ನೋಂದಣಿ ಮಾಡಿಸಿದರೆ ಸಾಕು. ಪ್ರಧಾನಿ ಫಾನ್ ವಾನ್ ಖಾಯ್ ಸರ್ಕಾರ ನೂರಕ್ಕೂ ಹೆಚ್ಚು ಲೈಸೆನ್ಸ್‌ಗಳನ್ನು ರದ್ದು ಮಾಡಿತು. ಹಿಂದಿನ ಒಂಬತ್ತು ವರ್ಷಗಳಲ್ಲಿ ನೋಂದಣಿಯಾದದ್ದಕ್ಕಿಂತ ಜಾಸ್ತಿ ಕಂಪನಿಗಳು ಮುಂದಿನ ನಾಲ್ಕೇ ವರ್ಷದಲ್ಲಿ ನೋಂದಣಿಯಾದವು.

ಆಮೇಲೆ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. 2005ರಿಂದ ಅಲ್ಲಿನ ವಾಣಿಜ್ಯ ಮಂಡಳಿ ಪ್ರಾಂತ್ಯಗಳಿಗೆ ಅಂಕ ಕೊಡುತ್ತದೆ. ಅಂಕ ನಿಲ್ಲುವುದು ವ್ಯಾಪಾರಿಗಳ ಉತ್ತರದ ಮೇಲೆ. ಲಂಚ ಎಷ್ಟು ಕೊಟ್ಟಿರಿ, ಕಾಗದಪತ್ರಕ್ಕೆ ಎಷ್ಟು ದಿನ ಹೋಯಿತು, ಜಾಗ ಸಿಕ್ಕಿತೇ, ಇಂಥ ಪ್ರಶ್ನೆಗಳು. ಪಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಳಗಿರುವ ಪ್ರಾಂತ್ಯದ ಅಧಿಕಾರಿಗೆ ಮುಜುಗರ. ನಮ್ಮ ಜಿಲ್ಲೆಗಳಿಗೂ ಇಂಥದ್ದೊಂದು ಪಟ್ಟಿ ಬೇಕು ಅಂತ ನಾನು ಮನಸಾರೆ ಹೇಳುತ್ತೇನೆ.

ಅಪ್ಪಣೆಯ ಕಾಟ ಕಳಚಿದ ಕಥೆಯ ಒಂದು ಸಣ್ಣ ರೂಪ ನಮ್ಮಲ್ಲೂ ನಡೆದಿದೆ. ಮೊದಲು ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೇ, ಅಂದರೆ ಒಟ್ಟು ಸಂಗ್ರಹಕ್ಕೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಹಂತಹಂತವಾಗಿ ಬಿಟ್ಟುಕೊಟ್ಟು 1996ರಲ್ಲಿ ಪೂರ್ತಿ ಮುಕ್ತ ಮಾಡಿದರು. ಆಮೇಲೆ ನೋಡಿ, ಊರೂರಿನಲ್ಲಿ ಕಾಫಿ ಕೊಳ್ಳುವವರು, ಹುರಿದು ಪುಡಿ ಮಾಡಿ ಮಾರುವವರು ಎದ್ದರು. ಆದರೆ ಮಂಡಳಿಯನ್ನು ಮುಚ್ಚಲಿಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಉಳಿಯಿತು. ಅದು ಸರಿಯಾದ ನಿರ್ಧಾರ. 2001ರ ಹೊತ್ತಿಗೆ ಜಗತ್ತಿನಲ್ಲೆಲ್ಲ ಕಾಫಿ ಬೆಲೆ ಕುಸಿದಾಗ ಇಲ್ಲಿಯ ಬೆಳೆಗಾರರೂ ನರಳಿದರು, ಡಾಕ್ ಲಾಕ್‌ನವರೂ ನರಳಿದರು. ಸರ್ಕಾರ ವ್ಯಾಪಾರ ಬಿಡಲಿ, ಆದರೆ ತಳಿ, ರೋಗ, ನೀರು, ರಸ್ತೆ ಇವನ್ನು ಬಿಡಬಾರದು. ಒಬ್ಬ ಸಣ್ಣ ಬೆಳೆಗಾರ ಅದನ್ನೆಲ್ಲ ಮಾಡಿಕೊಳ್ಳಲಾರ.

ವಿಯೆಟ್ನಾಂನಲ್ಲಿ ಎಲ್ಲ ಸರಿಯಿದೆ ಅಂತ ತಿಳಿಯಬೇಡಿ. ಸರ್ಕಾರಿ ದೊಡ್ಡ ಕಂಪನಿಗಳಿಗೆ ಬ್ಯಾಂಕು ಸುಲಭವಾಗಿ ಕೈ ಬಿಚ್ಚಿತು. ಹಡಗು ಕಟ್ಟುವ ವಿನಾಶಿನ್ 2010ರಲ್ಲಿ ಸಾಲ ತೀರಿಸಲಾಗದೆ ಕುಸಿಯಿತು. ರಫ್ತಿನ ಬಹುಪಾಲು ವಿದೇಶಿ ಕಂಪನಿಗಳದ್ದು. ಇತ್ತ ಸುಮಾರು 50 ಲಕ್ಷ ಮನೆ-ವ್ಯಾಪಾರಗಳು ಕಂಪನಿಯಾಗದೆ ಹಾಗೇ ಉಳಿದಿವೆ. ಲೆಕ್ಕ ಇಡುವ ಖರ್ಚು, ಅಧಿಕಾರಿಗಳ ಭಯ ಅವರನ್ನು ಹಿಂದೆ ಎಳೆಯುತ್ತದೆ.

2025ರ ಮೇ ತಿಂಗಳಲ್ಲಿ ಅಲ್ಲಿನ ಪಕ್ಷ 68ನೇ ನಿರ್ಣಯ ತಂದು, ಖಾಸಗಿ ವಲಯವೇ ಆರ್ಥಿಕತೆಯ ಅತಿ ಮುಖ್ಯ ಶಕ್ತಿ ಅಂದಿತು. 2030ಕ್ಕೆ 20 ಲಕ್ಷ ಕಂಪನಿಗಳ ಗುರಿ ಇಟ್ಟಿತು. ಜೂನ್‌ನಿಂದ ವರ್ಷಕ್ಕೆ 100 ಕೋಟಿ ಡಾಂಗ್ (ಅಲ್ಲಿನ ನಾಣ್ಯ) ವಹಿವಾಟು ದಾಟುವ ಅಂಗಡಿಗಳಿಗೆ ಎಲೆಕ್ಟ್ರಾನಿಕ್ ಬಿಲ್ ಕಡ್ಡಾಯವಾಯಿತು. ಜೊತೆಗೆ ನಕಲಿ ಮಾಲಿನ ಮೇಲೆ ದಾಳಿ. ಎಷ್ಟೋ ಅಂಗಡಿಗಳು ಬಾಗಿಲು ಎಳೆದವು, ಕೆಲವರು ನಗದು ಮಾತ್ರ ಅಂದರು. ಓದುವಾಗ ಬೆಂಗಳೂರು ನೆನಪಾಗುತ್ತದೆ, ಅಲ್ವಾ? ಅದೇ ವರ್ಷದ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸ್ ಬಂದಾಗ ನಮ್ಮ ಬೇಕರಿ, ಟೀ ಅಂಗಡಿಗಳ ಮುಂದೆಯೂ ‘ನಗದು ಮಾತ್ರ’ ಎಂಬ ಚೀಟಿ ಅಂಟಿತ್ತು.

ತೆರಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕಕ್ಕೆ ಬಂದವನಿಗೆ ಮೊದಲು ಲಾಭ ಕಾಣಬೇಕು: ಆ ಲೆಕ್ಕ ತೋರಿಸಿದರೆ ಬ್ಯಾಂಕು ಸಾಲ ಕೊಡಬೇಕು, ಹಿಂದಿನ ವರ್ಷಗಳದ್ದನ್ನು ಕೆದಕುವುದಿಲ್ಲ ಅಂತ ಬರಹದಲ್ಲಿ ಸಿಗಬೇಕು, ಬಿಲ್ ಮಾಡುವ ಆ್ಯಪ್ ಕಲಿಸಲು ಒಬ್ಬರು ಅಂಗಡಿಗೇ ಬರಬೇಕು. ನೀವು ಕೇಳಿದ ಸಾಲವನ್ನೂ ಸಬ್ಸಿಡಿಯನ್ನೂ ನಾನಾದರೆ ಈ ಹಂತದಲ್ಲಿ ಖರ್ಚು ಮಾಡುತ್ತೇನೆ.